ಬೆಳ್ಳಗಿರೋದೆಲ್ಲ ಉಪ್ಪಲ್ಲ

ಬಾಟ್ಲಿ ಮೇಷ್ಟ್ರು ಎಂಬ ಹೆಸರು ಕೇಳಿದ ಹೊಸಬರು ಒಂದು ಹೆಜ್ಜೆ ಹಿಂದೆ ಸರಿದು, ಏನಾದರೂ ವಾಸನೆ ಬರುತ್ತದೆಯೇ ಎಂದು ಮೂಗು ಅರಳಿಸುವುದುಂಟು. ತಪ್ಪು ಅವರದಲ್ಲ, ಹೆಸರಿನದು. ಈ ಮನುಷ್ಯ ಹುಟ್ಟಿದಾಗಿನಿಂದ ಚಹಾಕ್ಕಿಂತ ಖಾರವಾದದ್ದನ್ನು ಕುಡಿದವರೇ ಅಲ್ಲ. ಅವರ ಬಾಟ್ಲಿಗಳಲ್ಲಿ ಇರುತ್ತಿದ್ದದ್ದು ಕೆಸರು ನೀರು, ಉಪ್ಪು ನೀರು, ಎಣ್ಣೆ ನೀರು, ಅಕ್ಕಿಯೊಳಗೆ ಕಾಳು, ಮರಳೊಳಗೆ ಗುಂಡುಸೂಜಿ. ನಾಲ್ಕನೇ ಕ್ಲಾಸಿನ ಕಿಟಕಿಯ ಉದ್ದಕ್ಕೂ ಒಂದು ಹಲಗೆ ಹೊಡೆಸಿ ಅವನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಶಾಲೆ ಗುಡಿಸುವ ಆಯಾಗೆ ಆ ಹಲಗೆ ಕಂಡರೆ ಮೈಯೆಲ್ಲ ಉರಿ. "ಮನೇಲಿ ಚೆಲ್ಲೋದನ್ನೆಲ್ಲ ಇಲ್ಲಿ ತಂದು ಮೆರೆಸ್ತಾರೆ, ಧೂಳು ಹೊಡೆಯೋಳು ನಾನು" ಎಂದು ಗೊಣಗುತ್ತಾ ಒಂದೊಂದು ಬಾಟ್ಲಿಯನ್ನೂ ಎತ್ತಿ, ಒರೆಸಿ, ಕುಲುಕಿ ಇಡುತ್ತಿದ್ದಳು. ವಾರವಿಡೀ ತಳದಲ್ಲಿ ಕೂತಿದ್ದ ಕೆಸರು ಒಂದು ಗಳಿಗೆಯಲ್ಲಿ ಎದ್ದು ಕುಣಿಯುತ್ತಿತ್ತು. ಮೇಷ್ಟ್ರು ಬೈಯುತ್ತಿರಲಿಲ್ಲ. "ಮತ್ತೆ ಮೊದಲಿಂದ ನೋಡೋಣ ಬಿಡಿ, ಕೆಸರಿಗೇನು ಬೇರೆ ಕೆಲಸವಾ" ಎನ್ನುತ್ತಿದ್ದರು.

ಮಿಶ್ರಣಗಳ ಪಾಠ ಪುಸ್ತಕದಲ್ಲಿ ಇದ್ದದ್ದು ಎರಡೇ ಪುಟ, ಮೇಷ್ಟ್ರಿಗೆ ಅದು ವರ್ಷವಿಡೀ ಮುಗಿಯದ ಪಾಠ. ಪುಸ್ತಕದ ದೊಡ್ಡ ದೊಡ್ಡ ಮಾತುಗಳು ಮಕ್ಕಳ ಬಾಯಲ್ಲಿ ಗೋಲಿಯ ಹಾಗೆ ಹೊರಳಾಡುತ್ತವೆಯೇ ಹೊರತು ತಲೆಯೊಳಗೆ ಇಳಿಯುವುದಿಲ್ಲ ಎಂದು ಅವರಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ಗೊತ್ತಾಗಿತ್ತು. ಅದಕ್ಕೇ ತಮ್ಮದೇ ಹೆಸರು ಕಟ್ಟಿದ್ದರು. ಅಕ್ಕಿಯಲ್ಲಿ ಕಾಳು ಸೇರಿದ್ದರೆ ಅದು 'ಕಾಣೋ ಬೆರಕೆ'. ಎರಡೂ ಕಣ್ಣಿಗೆ ಕಾಣುತ್ತವೆ, ಕೈಯಲ್ಲಿ ಹೆಕ್ಕಬಹುದು, ಜರಡಿ ಹಿಡಿಯಬಹುದು. ಕೆಸರು ನೀರು 'ಕೂರೋ ಬೆರಕೆ'. ಅದರ ತಂಟೆಗೆ ಹೋಗದಿದ್ದರೆ ಕೆಸರು ತಾನಾಗಿ ತಳ ಸೇರುತ್ತದೆ, ಮೇಲಿನ ತಿಳಿನೀರನ್ನು ಬಗ್ಗಿಸಿಕೊಳ್ಳಬಹುದು. ಎಣ್ಣೆ ನೀರು 'ಮುನಿಸಿನ ಬೆರಕೆ'. ಎಷ್ಟೇ ಕುಲುಕಿ ಬುದ್ಧಿ ಹೇಳಿದರೂ ಆಮೇಲೆ ಒಂದು ಮೇಲೆ, ಒಂದು ಕೆಳಗೆ. ಉಪ್ಪು ನೀರು, ಸಕ್ಕರೆ ನೀರು 'ಮಾಯದ ಬೆರಕೆ'. ಕಣ್ಣಿಗೆ ಏನೂ ಇಲ್ಲ, ನಾಲಿಗೆಗೆ ಎಲ್ಲಾ ಇದೆ. ಹೆಕ್ಕೋದಕ್ಕೂ ಆಗುವುದಿಲ್ಲ, ಸೋಸೋದಕ್ಕೂ ಆಗುವುದಿಲ್ಲ, ನೀರನ್ನು ಆರಿಸಿದರೆ ಮಾತ್ರ ಉಪ್ಪು ಮತ್ತೆ ಮುಖ ತೋರಿಸುತ್ತದೆ.

ಮಕ್ಕಳು ಮನೆಗೆ ಹೋಗಿ ಅಡುಗೆಮನೆಯ ಡಬ್ಬಿ ಡಬ್ಬಿಗೂ ಹೆಸರಿಡುತ್ತಿದ್ದರು. ಡಬ್ಬಿ ಮುಗಿದ ಮೇಲೆ ಮನುಷ್ಯರಿಗೆ. "ನಮ್ಮಪ್ಪ, ನಮ್ಮ ಚಿಕ್ಕಪ್ಪ ಮುನಿಸಿನ ಬೆರಕೆ ಸಾರ್" ಎಂದು ಒಬ್ಬ ಹುಡುಗ ತುಂಬಿದ ಕ್ಲಾಸಿನಲ್ಲಿ ಹೇಳಿ, ಮಾರನೆಯ ದಿನ ಅವರಪ್ಪ ಶಾಲೆಯ ಬಾಗಿಲಿಗೆ ಬಂದದ್ದೂ ಉಂಟು. ಮೇಷ್ಟ್ರು ಅವರಿಗೆ ಚಹಾ ತರಿಸಿ ಕೊಟ್ಟು, "ಸುಳ್ಳೇನಾದರೂ ಹೇಳಿದನಾ?" ಎಂದು ಕೇಳಿದರು. ಅಪ್ಪ ಚಹಾ ಕುಡಿದು, ತಲೆ ಕೆರೆದುಕೊಂಡು ವಾಪಸು ಹೋದ.

ಆ ಕ್ಲಾಸಿಗೆ ಇದ್ದದ್ದು ಒಂದೇ ಕಾನೂನು. ಮೇಷ್ಟ್ರು ಲೋಟ ಎತ್ತಿ ಹಿಡಿದು "ಏನು ಕಾಣುತ್ತೆ?" ಎಂದು ಕೇಳಿದರೆ ಕಂಡದ್ದನ್ನೇ ಹೇಳಬೇಕು. ಪುಸ್ತಕದಲ್ಲಿ ಏನಿದೆ, ಪಕ್ಕದವನು ಏನಂದ, ಮೇಷ್ಟ್ರ ಮನಸ್ಸಿನಲ್ಲಿ ಏನಿದೆ, ಯಾವುದೂ ಲೆಕ್ಕಕ್ಕಿಲ್ಲ. "ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತಾರೆ ಹೊರಗಡೆ. ನನ್ನ ಕ್ಲಾಸಲ್ಲಿ ಕಂಡದ್ದು ಹೇಳಿದರೆ ಒಂದು ಚಮಚ ಸಕ್ಕರೆ" ಎನ್ನುತ್ತಿದ್ದರು, ಸಕ್ಕರೆಯನ್ನು ಅಂಗೈಗೆ ಸುರಿದೂ ಬಿಡುತ್ತಿದ್ದರು. ಆ ಸಕ್ಕರೆ ಎಲ್ಲಿಂದ ಬರುತ್ತಿತ್ತು ಎಂದು ಅವರ ಹೆಂಡತಿಯನ್ನು ಕೇಳಬೇಕು. ಆಕೆಗೆ ತನ್ನ ಅಡುಗೆಮನೆಯಲ್ಲಿ ಕಳ್ಳ ಯಾರೆಂದು ಚೆನ್ನಾಗಿ ಗೊತ್ತಿತ್ತು, ಊಟಕ್ಕೆ ಬಡಿಸುವುದೂ ಅವನಿಗೇ ಆದ್ದರಿಂದ ಏನೂ ಮಾಡುವಂತಿರಲಿಲ್ಲ.

ಇಷ್ಟೆಲ್ಲ ಕಾನೂನು ಮಾಡಿದ ಮೇಷ್ಟ್ರು ತಾವೇ ಒಂದು ಸಂಗತಿಯನ್ನು ಮುಚ್ಚಿಟ್ಟುಕೊಂಡಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕತ್ತಲೆ ಏನಲ್ಲ. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ, ಎದುರಿಗೆ ಯಾರೋ ನಿಂತಿದ್ದಾರೆ ಎಂಬಷ್ಟು ಗೊತ್ತಾಗುತ್ತಿತ್ತು. ಯಾರು ಎಂದು ತಿಳಿಯಬೇಕಾದರೆ ಅವರು ಬಾಯಿ ಬಿಡಬೇಕು. ಹಿಂದಿನ ವರ್ಷ ಮಂಜಿನ ಹಾಗೆ ಶುರುವಾದದ್ದು ಈ ವರ್ಷ ಗಂಜಿಯ ಹಾಗೆ ಗಟ್ಟಿಯಾಗಿತ್ತು. ಕಣ್ಣಿನ ಪೊರೆ ಎಂದು ಅವರಿಗೂ ಗೊತ್ತು, ಈ ಕಾಲದಲ್ಲಿ ಅದನ್ನು ತೆಗೆಯುವುದು ದೊಡ್ಡದೇನಲ್ಲ ಎಂದೂ ಗೊತ್ತು. ಗೊತ್ತಿದ್ದರೆ ಭಯ ಹೋಗಬೇಕಲ್ಲ? ಅವರಪ್ಪ ಬಹಳ ಹಿಂದೆ, ಇದೇ ಪೊರೆ ತೆಗೆಸಿಕೊಳ್ಳಲು ನಡೆದುಕೊಂಡು ಆಸ್ಪತ್ರೆಗೆ ಹೋಗಿ, ಮಗನ ಹೆಗಲು ಹಿಡಿದು ವಾಪಸು ಬಂದವರು. ಆಮೇಲೆ ಸಾಯುವವರೆಗೂ ಆ ಹೆಗಲು ಬಿಡಲಿಲ್ಲ. ಹೆಗಲು ಕೊಟ್ಟ ಮಗನಿಗೆ ಈಗಲೂ ಆಸ್ಪತ್ರೆಯ ವಾಸನೆ ಬಂದರೆ ಅಲ್ಲಿಂದ ಓಡಿಹೋಗಬೇಕು ಎನಿಸುತ್ತಿತ್ತು.

ಅದಕ್ಕೇ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ದಿನ ತಳ್ಳುತ್ತಿದ್ದರು. ಅವರ ಕಲಿಸುವ ರೀತಿಯೇ ಅದಕ್ಕೆ ಒದಗಿ ಬಂತು. ಮೊದಲಿಂದಲೂ ತಾವು ಹೇಳದೆ ಮಕ್ಕಳ ಬಾಯಿಂದಲೇ ಹೇಳಿಸುವವರು. ಈಗಲೂ ಲೋಟ ಎತ್ತಿ "ಏನು ಕಾಣುತ್ತೆ?" ಎನ್ನುತ್ತಿದ್ದರು, ಮಕ್ಕಳು ಹೇಳುತ್ತಿದ್ದರು. ನೋಟ್‌ಬುಕ್ ತಿದ್ದುವ ಬದಲು "ನಿಂತು ಓದು ನೋಡೋಣ" ಎನ್ನುತ್ತಿದ್ದರು. ಮನೆಯಿಂದ ತರುವ ಡಬ್ಬಿಗಳಿಗೂ ಒಂದು ಉಪಾಯ ಮಾಡಿದ್ದರು. ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ ಒಂದು ಸುತ್ತು ದಾರ, ಸಕ್ಕರೆಯದಕ್ಕೆ ಎರಡು ಸುತ್ತು, ಹಿಟ್ಟಿನದಕ್ಕೆ ಏನೂ ಇಲ್ಲ. ಬೆರಳು ಆಡಿಸಿದರೆ ಸಾಕು, ಇಂಥದ್ದೇ ಎಂದು ಗೊತ್ತಾಗುತ್ತಿತ್ತು. ಈ ದಾರದ ವಿಷಯ ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ದಾರ ಯಾಕೆ ಎಂದು ಕೇಳುತ್ತಾಳೆ, ಅಲ್ಲಿಗೆ ಮುಗಿಯಿತು.

ಆ ವರ್ಷ ಕ್ಲಾಸಿಗೆ ಹೊಸದಾಗಿ ಒಬ್ಬ ಹುಡುಗಿ ಸೇರಿದ್ದಳು. ಅವಳಮ್ಮ ಬಸ್ಸಿನ ಕಂಡಕ್ಟರ್, ಬೇರೆ ಕಡೆಯಿಂದ ವರ್ಗವಾಗಿ ಬಂದವಳು. ಹುಡುಗಿಯದು ಒಡೆದ ಕೊಳಲಿನಂಥ ದನಿ, ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಮೊದಲ ದಿನವೇ, "ಸಾರ್, ನಿಮ್ಮ ಅಂಗಿ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದೀರ" ಎಂದಳು. ಕ್ಲಾಸು ನಕ್ಕಿತು, ಮೇಷ್ಟ್ರು ಅವಳ ಅಂಗೈಗೆ ಸಕ್ಕರೆ ಸುರಿದು 'ಕಡ್ಡಿ' ಎಂದು ಹೆಸರಿಟ್ಟರು. ಅವಳ ಮುಖ ಹೇಗಿದೆಯೋ ಅವರು ನೋಡಿಯೇ ಇರಲಿಲ್ಲ. ಹೆಸರಿಗೆ ತಕ್ಕ ಹಾಗೆ ಸಣಕಲು ಹುಡುಗಿ ಇರಬೇಕು ಎಂದುಕೊಂಡಿದ್ದರು.

ಎಷ್ಟು ದಿನ ಮುಚ್ಚಿಡಲು ಸಾಧ್ಯ? ಒಂದು ದಿನ ಮೇಷ್ಟ್ರು ಐದನೇ ಕ್ಲಾಸಿಗೆ ನುಗ್ಗಿ ಪಾಠ ಶುರು ಮಾಡಿದರು. ಇನ್ನೊಂದು ದಿನ ಆಯಾಳಿಗೆ "ನಮಸ್ಕಾರ ಮೇಡಂ" ಎಂದರು. ಆಯಾ ಒಂದು ವಾರ ಬೀಗಿದಳು, ನಿಜವಾದ ಮೇಡಂಗೆ ಮಾತ್ರ ಅನುಮಾನ ಬಂತು. ಶಾಲೆಯ ಹೆಡ್ ಮಿಸ್ ಆಕೆ. ಚಿಕ್ಕವಳಿದ್ದಾಗ ಇದೇ ಹಲಗೆಯ ಮುಂದೆ ನಿಂತು, ಇದೇ ಮೇಷ್ಟ್ರ ಕೈಯಿಂದ ಸಕ್ಕರೆ ತಿಂದವಳು. ಈಗ ಕುರ್ಚಿಯಲ್ಲಿ ಕೂತು ಅವರ ಬಗ್ಗೆ ತೀರ್ಮಾನ ಮಾಡಬೇಕಾಗಿ ಬಂದದ್ದು ಅವಳಿಗೂ ಸಂಕಟವೇ.

"ಸಾರ್, ನಾಳೆ ನಿಮ್ಮ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೋತೀನಿ" ಎಂದಳು ವರಾಂಡದಲ್ಲಿ.

"ನನ್ನ ಪಾಠ ಮರೆತುಹೋಯ್ತಾ ಮೇಡಂ?"

ಅವಳು ನಗಲಿಲ್ಲ. "ನಿಮ್ಮನ್ನ ಸ್ಟೋರ್ ರೂಮಿಗೆ ಹಾಕಿ, ಕ್ಲಾಸಿಗೆ ಬೇರೆಯವರನ್ನ ಕೊಡಿ ಅಂತ ಕೆಲವು ಪೋಷಕರು ಕೇಳ್ತಿದಾರೆ ಸಾರ್. ನಾನೇ ಒಂದು ಸಲ ನೋಡಿ ಹೇಳ್ತೀನಿ ಅಂದಿದೀನಿ."

ಸ್ಟೋರ್ ರೂಮ್ ಎಂದರೆ ಕಾಲು ಮುರಿದ ಬೆಂಚು, ಸೀಮೆಸುಣ್ಣದ ಪೆಟ್ಟಿಗೆ, ಗಾಳಿ ಹೋದ ಚೆಂಡು. ಅಲ್ಲಿ "ಏನು ಕಾಣುತ್ತೆ?" ಎಂದು ಕೇಳಿದರೆ ಉತ್ತರ ಕೊಡುವವರು ಯಾರು? ಕ್ಲಾಸು ಹೋದರೆ ತಮಗೆ ಉಳಿಯುವುದು ಏನೂ ಇಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಕಂಬದ ಹಿಂದೆ ನಿಂತಿದ್ದ ಇಬ್ಬರು ಮಕ್ಕಳಿಗೂ ಈ ಮಾತು ಕೇಳಿಸಿತು ಎಂಬುದು ಮಾತ್ರ ಗೊತ್ತಾಗಲಿಲ್ಲ. ಸಂಜೆಯೊಳಗೆ ನಾಲ್ಕನೇ ಕ್ಲಾಸಿಗೆಲ್ಲ ಸುದ್ದಿ ಹಬ್ಬಿತು.

ಮಾರನೆಯ ಬೆಳಗ್ಗೆ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದಾಗ ಅವರ ಹೆಂಡತಿಗೆ ಡಬ್ಬಿಗಳ ಮೇಲೆ ಕಣ್ಣು ಬಿತ್ತು. ಮೇಡಂ ಬರುವ ದಿನ ಇಂಥ ಜಿಡ್ಡು ಮುಚ್ಚಳ ತೆಗೆದುಕೊಂಡು ಹೋಗುತ್ತಾರಲ್ಲ ಎಂದು ಮುಚ್ಚಳಗಳನ್ನೆಲ್ಲ ಬಿಚ್ಚಿ, ಸೋಪು ಹಾಕಿ ತಿಕ್ಕಿ, ಒರೆಸಿ, ಕೈಗೆ ಸಿಕ್ಕ ಮುಚ್ಚಳವನ್ನು ಸಿಕ್ಕ ಡಬ್ಬಿಗೆ ಹಾಕಿ ಬಿಗಿದಳು. ಎಲ್ಲಾ ಒಂದೇ ಅಳತೆಯ ಡಬ್ಬಿಗಳು. ದಾರವನ್ನು ಕಂಡಳು. ಮುಚ್ಚಳ ಜಾರದಿರಲಿ ಎಂದು ಕಟ್ಟಿಕೊಂಡಿದ್ದಾರೆ ಎಂದುಕೊಂಡಳು, ಪಾಪ. ಒಳ್ಳೆಯದು ಮಾಡಲು ಹೋದವಳು ಆಕೆ, ಅವಳನ್ನು ಯಾವ ಬಾಯಲ್ಲಿ ಬೈಯುವುದು?

ಕ್ಲಾಸು ಶುರುವಾಯಿತು. ಹೆಡ್ ಮಿಸ್ ಹಿಂದಿನ ಬೆಂಚಿನಲ್ಲಿ ಕೂತಳು. ಮಕ್ಕಳು ಎಂದೂ ಇಲ್ಲದಷ್ಟು ಶಿಸ್ತಿನಿಂದ ಕೈಕಟ್ಟಿ ಕೂತಿದ್ದರು. ಅಕ್ಕಿ ಕಾಳಿನ ತಟ್ಟೆ ಸುತ್ತಿ ಬಂತು, ಮರಳೊಳಗಿನ ಗುಂಡುಸೂಜಿಗಳನ್ನು ಅಯಸ್ಕಾಂತ ಎಳೆದುಕೊಂಡಿತು, ಎಣ್ಣೆ ನೀರಿನಿಂದ ಮುಖ ತಿರುಗಿಸಿತು. ಎಲ್ಲಾ ಸಲೀಸು. ಮೇಷ್ಟ್ರಿಗೆ ಧೈರ್ಯ ಬಂತು. ಕೊನೆಗೆ ತಮಗೆ ಬಲು ಪ್ರೀತಿಯ ಮಾಯದ ಬೆರಕೆಗೆ ಕೈ ಹಾಕಿದರು. ಗಾಜಿನ ಲೋಟಕ್ಕೆ ನೀರು ಹಾಕಿ, ಒಂದು ಸುತ್ತು ದಾರದ ಡಬ್ಬಿಯನ್ನು ಬೆರಳಲ್ಲಿ ಹುಡುಕಿ, ಎರಡು ಚಮಚ ಸುರಿದು ಕಲಕಿದರು.

"ನೋಡಿ ಮಕ್ಕಳಾ, ಉಪ್ಪು ಎಲ್ಲಿ ಹೋಯ್ತು? ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ, ಹಾಕಿದ್ದೇ ಗೊತ್ತಾಗಲ್ಲ. ಈಗ ಹೇಳಿ, ಏನು ಕಾಣುತ್ತೆ?"

ಅದು ಉಪ್ಪಲ್ಲ, ಹಿಟ್ಟು. ಲೋಟ ಸುಣ್ಣದ ನೀರಿನ ಹಾಗೆ ಬೆಳ್ಳಗಿತ್ತು.

ಕ್ಲಾಸು ಒಂದು ಕ್ಷಣ ಉಸಿರು ಬಿಡಲಿಲ್ಲ. ಆಮೇಲೆ ಮೂಲೆಯಿಂದ ಒಂದು ದನಿ, "ಏನೂ ಕಾಣಲ್ಲ ಸಾರ್, ತಿಳಿಯಾಗಿದೆ." ಹಿಂದೆಯೇ ಎಲ್ಲರೂ ಒಟ್ಟಿಗೆ, "ತಿಳಿಯಾಗಿದೆ ಸಾರ್!"

ಕಣ್ಣು ಹೋದವರಿಗೆ ಕಿವಿ ಚುರುಕಾಗುತ್ತದೆ. ಆ ಒಂದು ಕ್ಷಣದ ಮೌನ ಮೇಷ್ಟ್ರಿಗೆ ಕೇಳಿಸಿತು. ಕಲಕುವಾಗ ಚಮಚದ ಕೆಳಗೆ ಉಪ್ಪಿನ ಹರಳು ಕರಕರ ಎನ್ನಲಿಲ್ಲ ಎಂಬುದೂ ಈಗ ನೆನಪಿಗೆ ಬಂತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಸಪ್ಪೆ. ಅಂಟು ಅಂಟು.

ಎಲ್ಲಾ ಅರ್ಥವಾಯಿತು. ಮಕ್ಕಳು ತಮ್ಮನ್ನು ಉಳಿಸುತ್ತಿದ್ದಾರೆ. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಲೋಟ ಕೆಳಗಿಟ್ಟು, ಗಂಟೆ ಹೊಡೆಯುವವರೆಗೆ ಬೇರೆ ಏನಾದರೂ ಹೇಳಿ ದಿನ ದಾಟಿಸಬಹುದಿತ್ತು. ಅವರ ಮನಸ್ಸೂ ಹಾಗೇ ಮಾಡು ಎಂದಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಬಾಯಿ ಕೇಳಲಿಲ್ಲ.

"ಮೇಡಂ, ನೀವೂ ನನ್ನ ಕ್ಲಾಸಲ್ಲಿ ಕೂತವರೇ. ನೀವು ಹೇಳಿ. ಏನು ಕಾಣುತ್ತೆ?"

ಹಿಂದಿನ ಬೆಂಚು ಕಿರುಗುಟ್ಟಿತು. ಹೆಡ್ ಮಿಸ್ ದನಿ ಬಂತು. "ತಿಳಿಯಾಗಿದೆ ಸಾರ್."

ಮೇಷ್ಟ್ರು ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡರು. ಇಷ್ಟು ವರ್ಷ ಚಮಚ ಚಮಚ ಸಕ್ಕರೆ ಸುರಿದು ಕಲಿಸಿದ್ದು ಒಂದೇ ಮಾತು, ಆ ಮಾತನ್ನು ತಮ್ಮ ಮೇಲಿನ ಪ್ರೀತಿಗೇ ಎಲ್ಲರೂ ಸೇರಿ ನುಂಗಿಬಿಟ್ಟರು. ಈ ಪ್ರೀತಿಯನ್ನು ಇಟ್ಟುಕೊಂಡು ತಾವು ಏನು ಮಾಡಬೇಕು? ಆಗ ಅವರಿಗೆ ಹೊಳೆಯಿತು, ಆ ಕೂಗಿನಲ್ಲಿ ಒಂದು ದನಿ ಸೇರಿರಲಿಲ್ಲ.

"ಕಡ್ಡಿ ಎಲ್ಲಿ?"

ಬೆಂಚುಗಳ ಕಡೆ ಕಿವಿ ಕೊಟ್ಟರು.

"ಏ ಕಡ್ಡಿ, ಬಂದಿದೀಯೇನೇ?"

"ಇದೀನಿ ಸಾರ್." ದನಿ ಇನ್ನಷ್ಟು ಒಡೆದಿತ್ತು. "ನಾನು ಬಾಯಿ ಬಿಟ್ರೆ ಯಾರೂ ನನ್ನ ಆಟಕ್ಕೆ ಸೇರಿಸ್ಕೊಳಲ್ವಂತೆ."

"ನಾನು ಸೇರಿಸ್ಕೋತೀನಿ. ಹೇಳು."

"ಹೇಳಿದ್ರೆ ನಿಮ್ಮನ್ನ ಸ್ಟೋರ್ ರೂಮಿಗೆ ಹಾಕ್ತಾರಂತೆ ಸಾರ್."

"ಅದು ನೀನು ಕೇಳಿದ್ದು ಮರಿ. ಕಂಡದ್ದು ಏನು?"

ಕಡ್ಡಿ ಬಿಕ್ಕಿ ಬಿಕ್ಕಿ ಅಳುತ್ತಲೇ ಹೇಳಿದಳು. "ಬೆಳ್ಳಗಿದೆ ಸಾರ್. ಗಂಟು ಗಂಟು ತೇಲ್ತಾ ಇದೆ. ನೀವು ಹಾಕಿದ್ದು ಉಪ್ಪಲ್ಲ, ಹಿಟ್ಟು. ನಿಮಗೆ ಕಣ್ಣು ಕಾಣಲ್ಲ ಸಾರ್."

ಮೇಷ್ಟ್ರು ಎರಡು ಸುತ್ತು ದಾರದ ಡಬ್ಬಿ ತಡವಿ ತೆಗೆದು, ಈ ಸಲ ಮೊದಲು ತಾವು ರುಚಿ ನೋಡಿದರು. ಅದು ಉಪ್ಪಾಗಿತ್ತು. ಉಳಿದ ಡಬ್ಬಿಯಲ್ಲಿ ಸಕ್ಕರೆ ಸಿಕ್ಕಿತು. ಬೆಂಚುಗಳನ್ನು ಹಿಡಿದು ಹಿಡಿದು ಅವಳಿದ್ದಲ್ಲಿಗೆ ಹೋಗಿ, ಪುಟ್ಟ ಕೈಯನ್ನು ಹುಡುಕಿ ಬಿಡಿಸಿ ಅದರಲ್ಲಿ ಸಕ್ಕರೆ ಸುರಿದರು. ಅರ್ಧ ನೆಲಕ್ಕೆ ಬಿತ್ತು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ ಕೇಳಿದೀರಲ್ಲ, ಬೆಳ್ಳಗಿರೋದೆಲ್ಲ ಉಪ್ಪೂ ಅಲ್ಲ" ಎಂದರು ಕ್ಲಾಸಿಗೆ. ನಗಿಸಲು ಹೇಳಿದ್ದು, ಯಾರೂ ನಗಲಿಲ್ಲ. "ಹಿಟ್ಟು ನೀರಲ್ಲಿ ಕರಗಲ್ಲ. ಇದು ಮಾಯದ ಬೆರಕೆ ಅಲ್ಲ, ಕೂರೋ ಬೆರಕೆ. ಕಿಟಕಿ ಹತ್ರ ಇಡಿ, ನಾಳೆ ನೋಡಿ. ಆಯಾ ಕೈಗೆ ಸಿಗದ ಹಾಗೆ ಇಡಿ."

ವರಾಂಡದಲ್ಲಿ ಹೆಡ್ ಮಿಸ್ ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದಳು. ಮೇಷ್ಟ್ರಿಗೆ ಅದು ಕಾಣಲಿಲ್ಲ, ಮೂಗು ಏರಿಸಿದ ಸದ್ದು ಕೇಳಿಸಿತು.

"ಕಣ್ಣು ತೋರಿಸಿಕೊಂಡು ಬನ್ನಿ ಸಾರ್. ಕಣ್ಣು ಬಂದರೆ ಕ್ಲಾಸು ನಿಮ್ಮದೇ, ಪೋಷಕರಿಗೆ ನಾನು ಉತ್ತರ ಕೊಡ್ತೀನಿ."

"ಬರದೇ ಇದ್ದರೆ?"

"ಬರದೇ ಇದ್ದರೆ ಸ್ಟೋರ್ ರೂಮೇ ಸಾರ್" ಎಂದಳು.

"ಹಾಂ, ಈಗ ಸರಿಯಾಗಿ ಹೇಳಿದೆ ನೋಡಮ್ಮ" ಎಂದರು ಮೇಷ್ಟ್ರು. ಮೇಡಂ ಎನ್ನುವುದು ಮರೆತೇ ಹೋಗಿತ್ತು.

ಮನೆಯಲ್ಲಿ ಹೆಂಡತಿ ದಾರದ ಕಥೆ ಕೇಳಿ ಹಣೆ ಚಚ್ಚಿಕೊಂಡಳು. "ಕಣ್ಣು ಕಾಣಲ್ಲ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ? ದಿನಾ ಬೆಳಿಗ್ಗೆ ಚಪ್ಪಲಿ ತಂದು ಕಾಲ ಬುಡಕ್ಕೆ ಇಡ್ತಿದ್ದೋಳು ಯಾರು? ತಟ್ಟೇಲಿ ಯಾವುದು ಎಲ್ಲಿದೆ ಅಂತ ಹಾಡು ಹೇಳೋ ಹಾಗೆ ಹೇಳಿ ಬಡಿಸ್ತಿದ್ದೋಳು ಯಾರು?"

"ಮತ್ತೆ ಯಾಕೆ ಸುಮ್ಮನಿದ್ದೆ ಮಾರಾಯ್ತಿ?"

"ನೀವಾಗಿ ಹೇಳ್ತೀರ ಅಂತ ಕಾದೆ ಕಣ್ರೀ. ಆ ಹಾಳು ದಾರ ಒಂದು ಗೊತ್ತಿರ್ಲಿಲ್ಲ ನೋಡಿ." ಎಂದವಳೇ ಅಳಲು ಶುರು ಮಾಡಿದಳು. ಮೇಷ್ಟ್ರು ಅವಳ ತಲೆ ನೇವರಿಸಲು ಕೈ ಚಾಚಿ ಮೊದಲು ಕುರ್ಚಿಯ ಬೆನ್ನನ್ನೇ ನೇವರಿಸಿದರು. ಅಳುತ್ತಿದ್ದವಳಿಗೆ ನಗು ಬಂತು.

ಆಸ್ಪತ್ರೆಗೆ ಹೋಗುವಾಗ ಮೇಷ್ಟ್ರು ಹೆಂಡತಿಯ ಹೆಗಲು ಹಿಡಿದಿದ್ದರು, ಅಪ್ಪನ ಬೆರಳುಗಳು ತಮ್ಮ ಹೆಗಲ ಮೇಲೆ ಎಷ್ಟು ಬಿಗಿಯಾಗಿ ಇರುತ್ತಿದ್ದವು ಎಂದು ನೆನಪಾಗಿ ಕೈ ಸಡಿಲ ಮಾಡಿದರು. "ಬಿಗಿಯಾಗೇ ಹಿಡ್ಕೊಳ್ಳಿ, ನಾನೇನು ಸವೆದು ಹೋಗಲ್ಲ" ಎಂದಳು ಆಕೆ. ಒಂದು ಕಣ್ಣಿಗೆ ತಡವಾಗಿತ್ತು. ಒಳಗೆ ನರಕ್ಕೇ ಪೆಟ್ಟಾಗಿದೆ, ಪೊರೆ ತೆಗೆದರೂ ಉಪಯೋಗವಿಲ್ಲ ಎಂದರು ಡಾಕ್ಟರು. ಮುಚ್ಚಿಟ್ಟುಕೊಂಡದ್ದಕ್ಕೆ ತೆತ್ತ ದಂಡ ಅದು. ಇನ್ನೊಂದು ಕಣ್ಣಿನ ಪಟ್ಟಿ ಬಿಚ್ಚಿದ ಬೆಳಗ್ಗೆ ಮೇಷ್ಟ್ರು ಮೊದಲು ಕಂಡದ್ದು ಹೆಂಡತಿಯ ಮುಖ. "ಯಾವಾಗ ಇಷ್ಟು ಕೂದಲು ಬೆಳ್ಳಗಾಯ್ತೇ?" ಎಂದು ಕೇಳಿ, ಕಣ್ಣು ಬಂದ ದಿನವೇ ಬೈಸಿಕೊಂಡರು.

ಶಾಲೆಗೆ ಮರಳಿದ ದಿನ ಕಪ್ಪು ಕನ್ನಡಕ ಹಾಕಿಕೊಂಡು ನಾಲ್ಕನೇ ಕ್ಲಾಸಿನ ಬಾಗಿಲಲ್ಲಿ ನಿಂತರು. ಹಲಗೆಯ ಮೇಲೆ ಬಾಟ್ಲಿಗಳ ಸಾಲಿನ ತುದಿಯಲ್ಲಿ ಒಂದು ಗಾಜಿನ ಲೋಟ ಇತ್ತು. ತಳದಲ್ಲಿ ಬೆಳ್ಳನೆಯ ಹಿಟ್ಟು ಕೂತಿತ್ತು, ಮೇಲೆ ತಿಳಿನೀರು.

"ಅಂದಿನ ಲೋಟ ಇನ್ನೂ ಇದೆಯಾ? ನಾರಿ ಹೋಗಿರಬೇಕಲ್ರೋ!"

"ಅದಲ್ಲ ಸಾರ್" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಹಳೆಯದು ನಾರಿದಾಗ ಆಯಾ ಚೆಲ್ಲಿ ರಂಪ ಮಾಡಿದಳಂತೆ. ಆಮೇಲೆ ಕಡ್ಡಿ ದಿನಾ ಸಂಜೆ ಮನೆಯಿಂದ ತಂದ ಒಂದು ಚಮಚ ಹಿಟ್ಟನ್ನು ಹೊಸ ನೀರಿಗೆ ಹಾಕಿ ಇಟ್ಟು ಹೋಗುತ್ತಿದ್ದಳಂತೆ. ಸಾರ್ ಯಾವತ್ತು ಬಂದರೂ ನೋಡಲು ಸಿಗಬೇಕು ಎಂದು. ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದವರೇ ಸರದಿಯ ಮೇಲೆ ಲೋಟ ತೊಳೆದು ಕೊಟ್ಟಿದ್ದರು. ಆಯಾ ಕೂಡ, ಹೇಳಿದರೆ ನಂಬಬೇಕು, ಅದೊಂದು ಲೋಟವನ್ನು ಕುಲುಕಿರಲಿಲ್ಲ.

ಆಗ ಮುಂದಿನ ಬೆಂಚಿನಿಂದ ಒಂದು ಒಡೆದ ದನಿ ಎದ್ದಿತು. "ಸಾರ್, ಇವತ್ತು ನೀವು ಹೇಳಿ. ಏನು ಕಾಣುತ್ತೆ?"

ಮೇಷ್ಟ್ರು ಕನ್ನಡಕ ತೆಗೆದರು. ಡಾಕ್ಟರು ತೆಗೆಯಬೇಡಿ ಎಂದಿದ್ದರು, ಅದೆಲ್ಲ ಆಗ ಯಾರಿಗೆ ನೆನಪು. ದನಿ ಬಂದ ಕಡೆ ತಿರುಗಿ, ಒಳ್ಳೆಯ ಕಣ್ಣನ್ನು ಕಿರಿದು ಮಾಡಿ ನೋಡಿಯೇ ನೋಡಿದರು. ಗುಂಡನೆಯ ಮುಖ, ಎರಡು ಕೆನ್ನೆಗೂ ಜಾಗ ಸಾಲದ ಹಾಗೆ. ಒಂದು ಜಡೆ ಬಿಚ್ಚಿಹೋಗಿತ್ತು. ಮುಂದಿನ ಹಲ್ಲೊಂದು ಬಿದ್ದು ಅರ್ಧ ಹುಟ್ಟಿತ್ತು. ಗಲ್ಲದ ಮೇಲೆ ಹಿಟ್ಟು ಮೆತ್ತಿತ್ತು.

"ಕಡ್ಡಿ ಅಂತ ಹೆಸರಿಟ್ಟವನು ಯಾವನೋ ಕುರುಡ ಇರಬೇಕು" ಎಂದರು. ಕಣ್ಣಲ್ಲಿ ನೀರು ತುಂಬಿ ಮುಖ ಮತ್ತೆ ಮಸುಕಾಗತೊಡಗಿತು, ಅಂಗಿಯ ತೋಳಲ್ಲಿ ಒರೆಸಿಕೊಂಡು ಮತ್ತೆ ನೋಡಿದರು.

"ಸಾರ್, ನಾನು ಕೇಳಿದ್ದು ಲೋಟ" ಎಂದಳು ಕಡ್ಡಿ. "ನೀವು ನನ್ನೇ ನೋಡ್ತಾ ಇದೀರ."